ಮೂಳೆ ತಿನ್ನುವ ಗುಳಿಗೆ

ಜಗಳೂರಿನ ನನ್ನ ಔಷಧಿ ಅಂಗಡಿಗೆ ಬರುವ ತಿಪ್ಪೇಶಪ್ಪನವರಿಗೆ ಕೊಲೆಸ್ಟ್ರಾಲ್ ಗುಳಿಗೆ ನುಂಗಿಸುವುದೆಂದರೆ ಹಟಮಾರಿ ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸಿದಂತೆ. ಮಂಡಿ ನೋವಾದರೂ, ಮೆಟ್ಟಿಲಲ್ಲಿ ಎಡವಿದರೂ, ಹೊಸ ಚಪ್ಪಲಿ ಕಚ್ಚಿದರೂ ತಪ್ಪು ಗುಳಿಗೆಯದೇ. “ಇದು ಕೊಬ್ಬು ಕರಗ್ಸಾಕೆ ಹೋಗಿ ಮೂಳೆ ತಿನ್ತೈತೆ ಕಣ್ರೀ,” ಎಂದು ಅಂಗಡಿಗೆ ಬಂದವರಿಗೆಲ್ಲ ಉಪದೇಶ ಬೇರೆ. ಮೈಕೈ ನೋಯಬಹುದು, ಆದರೆ ಮೂಳೆ ಸವೆಯುತ್ತದೆ ಎನ್ನಲು ಆಧಾರವಿಲ್ಲ ಎಂದು ಡಾಕ್ಟರು ಹೇಳಿ ಹೇಳಿ ಸೋತರು. ನಾನೂ ಗಂಟಲು ಹರಿದುಕೊಂಡೆ. ಒಮ್ಮೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಈ ಮನುಷ್ಯ, ಗುಳಿಗೆ ಬಿಟ್ಟು ಮೂಳೆ ಗಟ್ಟಿಯಾಗಲೆಂದು ಎಳ್ಳುಂಡೆ ತಿನ್ನತೊಡಗಿದ್ದಾರೆಂದು ಕೇಳಿ, ಸಿಟ್ಟು ತಡೆಯದೆ ಅವರ ಮನೆಗೇ ಹೋದೆ. ಒಳಗೆ ಅವರು, ಲಕ್ವಾ ಹೊಡೆದ ಹೆಂಡತಿ ಗಾದ್ರಮ್ಮನವರನ್ನು ಮಗುವಿನಂತೆ ಎತ್ತಿ ಮಂಚದಿಂದ ಕುರ್ಚಿಗೆ ಕೂರಿಸುತ್ತಿದ್ದರು. “ನನ್ನ ಮೂಳೆ ಮುರಿದ್ರೆ ಇವಳನ್ನ ಎತ್ತೋರು ಯಾರ್ರೀ?” ಎಂದರು, ಏದುಸಿರು ಬಿಡುತ್ತ. ತಂದಿದ್ದ ಗುಳಿಗೆಯನ್ನು ಅವರ ಅಂಗೈಗಿಟ್ಟೆ. ಗಾದ್ರಮ್ಮನವರೇ ತೊದಲುತ್ತ, “ನಿಮ್ಮ ಎದೆ ನಿಂತ್ರೆ ಎತ್ತೋರು ಯಾರು? ಸುಮ್ನೆ ನುಂಗ್ರಿ,” ಎಂದು, ಸ್ವಾಧೀನವಿದ್ದ ಒಂದೇ ಕೈಯಿಂದ ನೀರಿನ ಲೋಟ ಚಾಚಿದರು. ತಿಪ್ಪೇಶಪ್ಪ ಎರಡನೇ ಮಾತಾಡದೆ ನುಂಗಿದರು.