ಸಂಜೆಗೆ ಬಿಗಿಯಾಗುವ ಕಾಲುಂಗುರ

ನಮ್ಮ ಅವ್ವನ ಕಾಲುಂಗುರ ಬೆಳಿಗ್ಗೆ ಸಡಿಲ, ಸಂಜೆಗೆ ಬಿಗಿ. ತೊಂಬತ್ತರ ದಶಕದ ಕೊನೆಯಲ್ಲಿ ಹೊಸದುರ್ಗದ ಅಕ್ಕಸಾಲಿಗೂ ಅವಳಿಗೂ ಇದೇ ಜಗಳ. ಸಂಜೆ ಹೋಗಿ "ಕಚ್ತೈತೆ, ಒಂಚೂರು ಅಗಲ ಮಾಡ್ರಿ" ಅನ್ನುವಳು. ಮರುದಿನ ಬೆಳಿಗ್ಗೆ "ಜಾರ್ತೈತೆ, ಬಿಗಿ ಮಾಡ್ರಿ" ಎಂದು ಮತ್ತೆ ಹಾಜರು. ಆತ ಕೊನೆಗೆ ಕೈಮುಗಿದು, "ಅಕ್ಕಾ, ಮನೇಲಿ ಊಟ ಚೆನ್ನಾಗೈತೆ, ಮೈ ತುಂಬ್ಕಂತಿದೀರಿ ಬಿಡ್ರಿ" ಎಂದ. ಅವ್ವ ಆ ಮಾತನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಎದೆಯ ಚಿಂತೆ ಏನಿದ್ದರೂ ಅಪ್ಪನದು. ನುಗ್ಗೆಕಾಯಿಯಂತಿದ್ದ ಅಪ್ಪ ಮಂಡಕ್ಕಿ, ಮಿರ್ಚಿ ತಿಂದ ಮೇಲೆಲ್ಲ "ಎದಿ ಹಿಡ್ಕಂಡೈತೆ" ಎಂದು ಗೋಡೆಗೆ ಒರಗುತ್ತಿದ್ದರು. ನಾವೆಲ್ಲ ಅವರ ಮುಖವನ್ನೇ ಕಾಯುತ್ತಿದ್ದೆವು.

ಅವರನ್ನು ಚಿತ್ರದುರ್ಗದ ಡಾಕ್ಟರಿಗೆ ತೋರಿಸಲು ಮೂವರೂ ಬಸ್ಸು ಹತ್ತಿದೆವು. ದವಾಖಾನೆ ಮಹಡಿಯ ಮೇಲೆ. ಎದೆನೋವಿನ ಅಪ್ಪ ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿದರು. ಜೊತೆಗೆ ಬಂದ ಅವ್ವ ಅರ್ಧದಲ್ಲೇ ನಿಂತು, "ನೀವು ನಡೀರಿ, ಈ ಮೆಟ್ಲು ಕಟ್ಟಿದೋನಿಗೆ ಬುದ್ಧಿ ಇಲ್ಲ" ಎಂದು ಏದುಸಿರು ಬಿಟ್ಟಳು.

ಡಾಕ್ಟರು ಅಪ್ಪನನ್ನು ಪರೀಕ್ಷಿಸಿ, "ಗ್ಯಾಸು. ಮಿರ್ಚಿ ಬಿಡ್ರಿ" ಎಂದರು. ಅಷ್ಟರಲ್ಲಿ ಅವರ ಕಣ್ಣು ಅವ್ವನ ಪಾದದ ಮೇಲೆ ಬಿತ್ತು. "ಅಮ್ಮಾ, ನೀವು ಇಲ್ಲಿ ಕುಂತ್ಕಳ್ರಿ."

ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಮುದ್ದೆಗೆ ಬೆರಳೊತ್ತಿದಂತೆ ಗುಳಿ ಬಿದ್ದು ಹಾಗೇ ಉಳಿಯಿತು. ಊತಕ್ಕೆ ಕಾರಣ ಬೇರೆಯೂ ಇರಬಹುದು ಎಂದೇ ಪರೀಕ್ಷೆ ಮಾಡಿಸಿದರು; ದಣಿದಿದ್ದದ್ದು ಅವ್ವನ ಹೃದಯವೇ.

"ಕಾಲುಂಗುರ ಬೆರಳಲ್ಲಿ ಹೂತುಬಿಟ್ಟಾವೆ. ಮೊದ್ಲು ಅವನ್ನ ತೆಗೀರಿ" ಎಂದರು ಡಾಕ್ಟರು.

ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಇವ್ರು ಇರೋತನಕ ತೆಗೆಯಂಗಿಲ್ರಿ."

"ಲೇ, ನಂಗೆ ಬರೀ ಗ್ಯಾಸು ಅಂತ ಈಗ ತಾನೇ ಹೇಳಿದ್ರು. ನಾನೆಲ್ಲಿಗೂ ಹೋಗಲ್ಲ" ಎಂದರು ಅಪ್ಪ. ಆಮೇಲೆ ದನಿ ತಗ್ಗಿತು. "ನೀನು ಹೋಗಬ್ಯಾಡ."

ಅವ್ವ ಕಾಲು ಚಾಚಿದಳು. ಉಂಗುರಗಳು ಅಪ್ಪನ ಅಂಗಿಯ ಜೇಬು ಸೇರಿದವು. ಮಾತ್ರೆ ನುಂಗುತ್ತ, ಉಪ್ಪಿಲ್ಲದ ಸಾರಿಗೆ ಡಾಕ್ಟರನ್ನು ಬೈಯುತ್ತ ಅವ್ವ ದಿನ ನೂಕಿದಳು. ಊತ ನಿಧಾನಕ್ಕೆ ಇಳಿಯಿತು. ಅಪ್ಪ ಮಾತ್ರ ದಿನಾ ಸಂಜೆ, ಮೊದಲು ಮಿರ್ಚಿ ಅಂಗಡಿಗೆ ಹೋಗುತ್ತಿದ್ದ ಹೊತ್ತಿಗೆ, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಂಗುರ ಹಿಡಿದು ಅಳತೆ ನೋಡುತ್ತಿದ್ದರು. ಒಂದು ಸಂಜೆ ಅದು ಸಲೀಸಾಗಿ ಬೆರಳಿಗೆ ಇಳಿಯಿತು.

"ಕಾಲು ಮುಟ್ಟಬ್ಯಾಡ್ರಿ, ನಂಗೆ ಪಾಪ ಬರ್ತೈತೆ" ಎಂದಳು ಅವ್ವ.

"ಮದುವೇಲಿ ನಾನೇ ತಾನೇ ತೊಡಿಸಿದ್ದು? ಆಗ್ಯಾಕೆ ಸುಮ್ಕಿದ್ದೆ?"

"ಆಗ ನೀವು ಯಾರೋ ಏನೋ" ಎಂದ ಅವ್ವ, ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.