ಐದಕ್ಕೆ ಐದು

ಹೈದರಾಬಾದಿಗೆ ಆಗ ಜನರ ಅಭಿಪ್ರಾಯ ಕೇಳುವ ಹುಚ್ಚು ಹಿಡಿದಿತ್ತು. ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೆ ಒಂದು ಬಂದಿದ್ದವು, ಅವುಗಳ ಬೆನ್ನಿಗೇ ಮೊಬೈಲ್ ಅಂಗಡಿ, ಬ್ಯಾಂಕು, ದೊಡ್ಡ ದೊಡ್ಡ ಆಸ್ಪತ್ರೆ. ನಮ್ಮ ಸೇವೆ ಹೇಗಿದೆ ಹೇಳಿ ಎಂದು ಎಲ್ಲರೂ ದುಂಬಾಲು ಬೀಳುತ್ತಿದ್ದರು. ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಎರಡು ಸಲ ಕಂಪ್ಯೂಟರ್ ಕೋರ್ಸಿಗೆ ಸೇರಿ ಎರಡು ಸಲವೂ ಮುಗ್ಗರಿಸಿದ ನನಗೆ ಈ ಹುಚ್ಚೇ ಅನ್ನ ಹಾಕಿತು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದರು, ಧಾರವಾಡದ ಕಡೆಯವರು. ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ಸಮೀಕ್ಷೆ ಕಂಪನಿಯವರು ನನ್ನನ್ನು ಆರಿಸಿಕೊಂಡದ್ದು ಈ ನಾಲಿಗೆ ನೋಡಿ, ಬುದ್ಧಿ ನೋಡಿ ಅಲ್ಲ.

ಸಿಕಂದರಾಬಾದಿನ ಆಫೀಸಿನಲ್ಲಿ ಒಂದು ದಿನದ ತರಬೇತಿ ಇತ್ತು. ಅಲ್ಲಿ ಕಲಿಸಿದ್ದು ಇಷ್ಟೇ: ಜನ ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಬೇಕು. ವಿವರಿಸಬಾರದು, ತಿದ್ದಬಾರದು, ನಮ್ಮ ಕಡೆಯಿಂದ ಏನನ್ನೂ ತಿಳಿಸಬಾರದು. ನಾವು ಬಾಯಿ ಹಾಕಿದರೆ ಅಭಿಪ್ರಾಯ ಕೆಡುತ್ತದಂತೆ. ಎಲ್ಲದಕ್ಕೂ ಒಂದರಿಂದ ಐದರವರೆಗೆ ಅಂಕ. ಒಂದು ಅಂದರೆ ತೀರಾ ಕೆಟ್ಟದ್ದು, ಐದು ಅಂದರೆ ಬಹಳ ಒಳ್ಳೆಯದು. ನನ್ನಂಥ ಹೆದರುಪುಕ್ಕಲಿಗೆ ಈ ನಿಯಮ ಚೆನ್ನಾಗಿ ಒಗ್ಗಿತು.

ಸೋಪು, ಸಿಮ್ ಕಾರ್ಡು ಎಲ್ಲ ಮುಗಿದ ಮೇಲೆ ನನ್ನನ್ನು ಒಂದು ಖಾಸಗಿ ಆಸ್ಪತ್ರೆಗೆ ಹಾಕಿದರು. ಕೂಲಿಯವರಿಗಾಗಿ ಕಡಿಮೆ ಖರ್ಚಿನ ಒಂದು ವಾರ್ಡೂ ಅಲ್ಲಿತ್ತು. ಮರುದಿನ ಮನೆಗೆ ಹೋಗಲಿರುವ ರೋಗಿಗಳ ಪಟ್ಟಿ ಬೆಳಿಗ್ಗೆ ಕೈಗೆ ಬರುತ್ತಿತ್ತು. ಹೆಸರು, ಮಂಚದ ಸಂಖ್ಯೆ, ಕಾಯಿಲೆ, ಮುಂದಿನ ಚಿಕಿತ್ಸೆ, ಎಲ್ಲ ಅದರಲ್ಲಿರುತ್ತಿತ್ತು. ಒಂದು ದಿನ ಆ ವಾರ್ಡಿನಲ್ಲಿ, ಪಟ್ಟಿಯಲ್ಲಿದ್ದ ಒಬ್ಬ ರೋಗಿಯ ಹೆಂಡತಿಯನ್ನು ಕಂಡೆ. ಯಾದಗಿರಿ ಕಡೆಯ ಹಳ್ಳಿಯವಳು. ಲಿಂಗಂಪಲ್ಲಿ ಹತ್ತಿರ ಏಳುತ್ತಿದ್ದ ಗಾಜಿನ ಕಟ್ಟಡವೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಸಿಮೆಂಟು ಹೊರುತ್ತಿದ್ದರು. ಗಂಡ ಮಂಚದ ಮೇಲೆ ನಿದ್ದೆಯಲ್ಲಿದ್ದ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಅವಳು ನನ್ನ ಕೈಯನ್ನೇ ಹಿಡಿದುಕೊಂಡಳು.

"ಎಂಟು ದಿನಾ ಆತ್ರಿ ಅಕ್ಕೋರ, ನಮ್ಮ ಮಾತು ಕಿವಿಗೆ ಬಿದ್ದು," ಅಂದಳು. ಅವಳಿಗಿಂತ ನಾನು ಹತ್ತು ವರ್ಷವಾದರೂ ಚಿಕ್ಕವಳು. ಕೈಯಲ್ಲಿ ಪೆನ್ನು, ಕಾಗದ ಇದ್ದದ್ದಕ್ಕೆ ಶಾಲೆಯ ಅಕ್ಕೋರಾಗಿಬಿಟ್ಟೆ.

ಹಾಸಿಗೆ ಸ್ವಚ್ಛವಾಗಿತ್ತೆ ಎಂದರೆ ಅಂಗೈ ಬಿಚ್ಚಿ ಐದು ಬೆರಳು ತೋರಿಸಿದಳು. ಊಟಕ್ಕೆ ಐದು. ಆಯಾಗಳಿಗೆ ಐದು. ರೋಗಿಯ ಸ್ಥಿತಿಯನ್ನು ವೈದ್ಯರು ನಿಮಗೆ ಅರ್ಥವಾಗುವಂತೆ ವಿವರಿಸಿದರೇ? ಅದಕ್ಕೂ ಐದು.

"ಡಾಕ್ಟರು ಏನು ಹೇಳಿದರು ಅಕ್ಕಾ?" ಎಂದೆ. ಈ ಪ್ರಶ್ನೆ ಫಾರ್ಮಿನಲ್ಲಿ ಇರಲಿಲ್ಲ.

"ತೆಲುಗಿನಾಗ ಭಾಳ ಹೊತ್ತು ಹೇಳಿದ್ರಿ. ನಾ ಹೂಂ ಹೂಂ ಅಂದೆ. ತಿಳಿವಲ್ದು ಅಂದ್ರ ಅವರಿಗೆ ಸಿಟ್ಟು ಬರಂಗಿಲ್ಲೇನ್ರಿ? ನೀವೂ ಎಲ್ಲಾ ಚಲೋನ ಬರಕೋರಿ, ಇವರನ್ನ ಚಂದ ನೋಡಕೊಳ್ಳಲಿ." ಆಮೇಲೆ ಗಂಡನ ಪಾದದ ಮೇಲಿನ ಚಾದರ ಸರಿಸಿ ತೋರಿಸಿದಳು. "ನೋಡ್ರಿ, ಬಾವು ಪೂರಾ ಇಳದೈತಿ. ಆರಾಮ ಆಗ್ಯಾರ. ನಾಳೆ ಊರಿಗೆ ಕರಕೊಂಡು ಹೊಂಟೀನಿ. ಒಂದೆರಡು ತಿಂಗಳು ಅಲ್ಲೇ ಇರತೀವಿ."

ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದು ಬರೆದಿತ್ತು. ವಾರಕ್ಕೆ ಎರಡು ಸಲ ಇಲ್ಲಿಗೇ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು ಎಂದೂ ಇತ್ತು. ಬಾವು ಇಳಿದದ್ದು ರಕ್ತ ಶುದ್ಧಿ ಮಾಡುವ ಆ ಯಂತ್ರದಿಂದ. ಓದಿದೆ, ಇನ್ನೊಮ್ಮೆ ಓದಿದೆ. ಊರಿಗೆ ಹೋಗಬೇಡಿ ಅಕ್ಕಾ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಬಾಗಿಲಲ್ಲಿ ನಮ್ಮ ಕಂಪನಿಯ ಸೂಪರ್‌ವೈಸರ್ ನಿಂತು ಗಡಿಯಾರ ತಟ್ಟಿ ತೋರಿಸುತ್ತಿದ್ದ. ಮನೆಗೆ ಕಳಿಸುವಾಗ ನರ್ಸು ಹೇಳಿಯೇ ಹೇಳುತ್ತಾಳೆ, ನನಗ್ಯಾಕೆ ಇಲ್ಲದ ಉಸಾಬರಿ ಎಂದುಕೊಂಡೆ. ಫಾರ್ಮಿನ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಪಕ್ಕದ ಮಂಚಕ್ಕೆ ಹೋದೆ.

ಲೆಕ್ಕ ಹಾಕಿ ನೋಡಿದಾಗ ಆಸ್ಪತ್ರೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದು ರೋಗದ ಬಗ್ಗೆ ತಿಳಿಸಿ ಹೇಳುವ ವಿಷಯದಲ್ಲಿ. ಅದರಲ್ಲೂ ಕೂಲಿಯವರು ತುಂಬಿದ್ದ ಆ ವಾರ್ಡಿಗೆ. ಆಸ್ಪತ್ರೆಯ ಮ್ಯಾನೇಜರರು ಖುಷಿಯಾಗಿ ನಮಗೆಲ್ಲ ಮೈಸೂರು ಪಾಕ್ ಹಂಚಿಸಿದರು. ನಾನೂ ತಿಂದೆ. ಈಗ ನೆನೆದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ, ಆದರೆ ಅವತ್ತು ಎರಡು ತುಂಡು ತಿಂದೆ.

ತಿಂಗಳ ನಂತರ ಅದೇ ಜನರಿಗೆ ಫೋನ್ ಮಾಡಿ ಎರಡನೇ ಸುತ್ತು ಕೇಳಬೇಕಿತ್ತು. ಈಗ ಆರೋಗ್ಯ ಹೇಗಿದೆ, ನಿಮ್ಮ ಬಂಧುಗಳಿಗೂ ನಮ್ಮ ಆಸ್ಪತ್ರೆಗೆ ಬರಲು ಹೇಳುತ್ತೀರಾ, ಇಂಥವು. ಅವಳು ಕೊಟ್ಟಿದ್ದು ತಮ್ಮನ ಮೊಬೈಲ್ ನಂಬರು. ಅವನು ಹೋಗಿ ಅಕ್ಕನ ಕೈಗೆ ಕೊಟ್ಟ. ನನ್ನ ಧ್ವನಿ ಅವಳಿಗೆ ಕೂಡಲೇ ಗುರುತು ಸಿಕ್ಕಿತು.

"ಅವರು ಹೋಗಿಬಿಟ್ರು ಅಕ್ಕೋರ," ಅಂದಳು. "ಊರಿಗೆ ಬಂದು ಹನ್ನೊಂದು ದಿನಕ್ಕ. ಮತ್ತ ಬಾವು ಬಂತು, ಉಸರಾಡಾಕ ಆಗಲಿಲ್ಲ. ಆರಾಮ ಆಗಿದ್ರಲ್ರಿ, ನೀವೂ ನೋಡೀರಲ್ಲ. ಅವರಿಗೆ ಏನಾಗಿತ್ತು ಅಂತ ನಿಮಗೇನಾರ ಗೊತ್ತೈತೇನ್ರಿ?"

ಹೇಳಿದೆ. ಕಿಡ್ನಿ, ಯಂತ್ರ, ವಾರಕ್ಕೆ ಎರಡು ಸಲ, ಎಲ್ಲವನ್ನೂ ಒಂದೊಂದಾಗಿ, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

"ನಿಮಗ ಯಾವಾಗ ಗೊತ್ತಾತ್ರಿ ಇದು?"

"ಈಗ. ಈಗ ಪಟ್ಟಿ ನೋಡಿದಾಗ," ಎಂದೆ.

"ಹೌದ್ರಿ? ನೀವಾರ ಹೇಳಿದ್ರಿ ಅಕ್ಕೋರ. ಅಷ್ಟು ಮಂದ್ಯಾಗ ಒಬ್ಬರೂ ಹೇಳಲಿಲ್ಲ ನೋಡ್ರಿ," ಅಂದಳು. ಅಳುತ್ತಲೇ, "ದೇವರು ನಿಮ್ಮನ್ನ ಚಲೋ ಇಡ್ಲಿ," ಎಂದು ಹರಸಿದಳು. ನಾನು ಅವಳ ಹೆಸರಿನ ಮುಂದೆ ಸಂಪರ್ಕಕ್ಕೆ ಸಿಗಲಿಲ್ಲ ಎಂದು ಬರೆದೆ.