ವಿನಿಫ್ರೆಡ್ ಉಳಿಸಿಕೊಂಡ ಗಂಡು ಗಿಡ

ಗೊಬ್ಬರ, ಮಣ್ಣು, ಪ್ಲಾಸ್ಟಿಕ್ ಹಾಳೆ, ಹನಿ ನೀರಾವರಿ ಪೈಪು ಮಾರಿ ಬದುಕುವವನು ವಿನಿಫ್ರೆಡ್ ಟೋಲಿವರಳನ್ನು ಹೊಗಳುವುದೆಂದರೆ ಕ್ಷೌರದಂಗಡಿಯವನು ಬೋಳುತಲೆಯವನನ್ನು ಹೊಗಳಿದ ಹಾಗೆ. ಆದರೂ ಹೊಗಳುತ್ತೇನೆ.

ಬುಲ್ ಪೈನ್ ಗುಡ್ಡದ ಉಳಿದವರೆಲ್ಲ ಚಳಿ ಬಿಟ್ಟ ಕೂಡಲೇ ನನ್ನ ಅಂಗಡಿಯಿಂದ ಟ್ರಕ್ಕುಗಟ್ಟಲೆ ಮಣ್ಣು ಹೇರಿಕೊಂಡು ಹೋಗುತ್ತಾರೆ. ಮಣ್ಣಿನ ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಮಣ್ಣನ್ನು ಚೀಲದಲ್ಲಿ ಕೊಳ್ಳುವ ಜನ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ವಿನಿಫ್ರೆಡ್ ಮಾತ್ರ ಬಂದು, ಕೌಂಟರಿನ ಮೇಲೆ ಮೊಣಕೈ ಊರಿ, ಒಂದು ಚೀಲದ ಬೆನ್ನ ಮೇಲೆ ಅಚ್ಚಾದದ್ದನ್ನು ಪೂರ್ತಿ ಓದುತ್ತಾಳೆ.

"ಇದ್ರಲ್ಲಿರೋದು ಸೀಗಡಿ ಸಿಪ್ಪೆ ಕಣೋ ಕ್ಲೈಡ್. ಸಿಪ್ಪೆಗೆ ಇಷ್ಟು ಚಂದದ ಚೀಲ ಯಾಕೆ?"

ನನ್ನ ಕಾಫಿ ಕುಡಿದು, ಸಿಪ್ಪೆಯನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಮುಂದಿನ ವಾರ ಕರಾವಳಿಯ ಮೀನುಗಾರನೊಬ್ಬ ಪುಕ್ಕಟೆ ಕೊಟ್ಟ ಸಿಪ್ಪೆಯ ಬುಟ್ಟಿ ಅವಳ ಅಂಗಳದಲ್ಲಿರುತ್ತದೆ. ನಾರುವುದರಲ್ಲಿ ನನ್ನ ಚೀಲದ ಸಿಪ್ಪೆಗೇನೂ ಕಡಿಮೆಯಿಲ್ಲ.

ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದವಳು ಅವಳು. ಗುಡ್ಡದ ಅರ್ಧ ಜನ ಅವಳ ಬಸ್ಸಿನಲ್ಲಿ ಕೂತು, ಅವಳ ಕೈಲಿ ಬೈಸಿಕೊಂಡು ದೊಡ್ಡವರಾದವರು. ಹಳೇ ಬಸ್ಸುಗಳನ್ನು ಗುಜರಿಗೆ ಹಾಕಿದಾಗ ಕಿಟಕಿಗಳನ್ನೆಲ್ಲ ಬಿಚ್ಚಿ ತಂದು, ಮನೆಯ ದಕ್ಷಿಣದ ಗೋಡೆಗೆ ಆನಿಸಿ ಹಸಿರುಮನೆ ಕಟ್ಟಿದಳು. ಅದರಿಂದಾಗಿ ನನ್ನ ಪ್ಲಾಸ್ಟಿಕ್ ಹಾಳೆಯ ವ್ಯಾಪಾರವೂ ಹೋಯಿತು. ಮಧ್ಯಾಹ್ನ ಸೆಕೆ ಏರಿದರೆ ಸಾಲಾಗಿ ಗಾಜು ಇಳಿಸುತ್ತಾ ಬರುತ್ತಾಳೆ, ಸಂಜೆ ಮಂಜು ಬರುವ ಹೊತ್ತಿಗೆ ಏರಿಸುತ್ತಾ ಹೋಗುತ್ತಾಳೆ. ಕಿಟಕಿಯಿಂದ ಯಾವುದಾದರೂ ರೆಂಬೆ ಇಣುಕಿದರೆ "ಕೈ ಒಳಗೆ" ಎಂದು ಗದರಿ ಒಳಕ್ಕೆ ತಳ್ಳುತ್ತಾಳೆ.

ಕ್ಯಾಲಿಫೋರ್ನಿಯಾದ ಕಾಯಿದೆ ಮನೆಗೆ ಆರು ಗಾಂಜಾ ಗಿಡ ಬೆಳೆದುಕೊಳ್ಳಿ ಅನ್ನುತ್ತದೆ. ಅವಳದ್ದು ಆರೇ. ಹಳ್ಳದ ದಂಡೆಯ ತುರಿಕೆ ಸೊಪ್ಪನ್ನು ಪೀಪಾಯಿಯಲ್ಲಿ ಕೊಳೆಸಿದ ನೀರು, ಪಕ್ಕದ ಮನೆಯ ಆಡಿನ ಹಿಕ್ಕೆ, ಸೇಬು ಹಿಂಡಿದ ಮೇಲೆ ಉಳಿದ ಚರಟ, ಎರೆಹುಳು: ಗಿಡಕ್ಕೆ ಊಟ ಇಷ್ಟೇ. ಎಲೆಗೆ ಹೇನು ಬಿದ್ದರೆ ಅದನ್ನು ತಿನ್ನುವ ಗುಲಗಂಜಿ ಹುಳುವನ್ನು ಹುಲ್ಲಿನಿಂದ ಹಿಡಿದು ತಂದು ಎಲೆ ಮೇಲೆ ಬಿಡುತ್ತಾಳೆ. ಬೆರಳು ಮಣ್ಣಿನಲ್ಲಿ ಪೂರ್ತಿ ಇಳಿಸಿ ನೋಡದೆ ಒಂದು ಲೋಟ ನೀರು ಹಾಕಿದವಳಲ್ಲ. ಶರತ್ಕಾಲದಲ್ಲಿ ಬಂದ ಹೂವಿನಲ್ಲಿ ಒಂದಿಷ್ಟು ಜಗಲಿಯಲ್ಲಿ ಕೂತು ಸೇದುವುದಕ್ಕೆ, ಉಳಿದದ್ದು ಎಣ್ಣೆಯಲ್ಲಿ ಕಾಯಿಸಿ ಮುಲಾಮು ಮಾಡುವುದಕ್ಕೆ. ಈ ಗುಡ್ಡದ ಮುದಿ ಮೊಣಕಾಲುಗಳೆಲ್ಲ ಆ ಮುಲಾಮಿನ ಮೇಲೆಯೇ ನಡೆಯುತ್ತವೆ. ನನ್ನವೂ ಸೇರಿ.

ಆ ಗಿಡದ ಹೆಸರು 'ನಮ್ಮದು'. ಈಗ ಮಾರುವ ತಳಿಗಳಿಗೆಲ್ಲ ಐಸ್ ಕ್ರೀಮಿನ ಹೆಸರುಗಳಿವೆ. ಆದರೆ ಕಾಯಿದೆ ಬರುವ ಮುಂಚೆ, ಪೊಲೀಸ್ ಹೆಲಿಕಾಪ್ಟರು ಮರದ ತುದಿ ಸವರಿಕೊಂಡು ಹಾರುತ್ತಿದ್ದ ಕಾಲದಲ್ಲಿ ಇಲ್ಲಿ ಯಾರೂ ಯಾವುದಕ್ಕೂ ಹೆಸರಿಡುತ್ತಿರಲಿಲ್ಲ. "ಏನು ಹಾಕಿದ್ದೀಯ?" ಅಂದರೆ "ನಮ್ಮದೇ". ಅಷ್ಟೇ. ಕಿತ್ತಳೆ ಸಿಪ್ಪೆಯನ್ನು ಒದ್ದೆ ನೆಲಮಾಳಿಗೆಯಲ್ಲಿ ಮರೆತು ಬಂದಂಥ ವಾಸನೆ ಅದಕ್ಕೆ. ಆಗ ಗುಡ್ಡದ ಎಲ್ಲ ಮನೆಯಲ್ಲೂ ಇತ್ತು. ಆಮೇಲೆ ಬರೀ ಹೆಣ್ಣು ಗಿಡ ಹುಟ್ಟುವ ಬೀಜ ಪೊಟ್ಟಣದಲ್ಲಿ ಬಂತು, ಬೇರು ಬಿಟ್ಟ ತುಂಡುಗಳು ತಟ್ಟೆಯಲ್ಲಿ ಬಂದವು. ಮಾರಿದವನು ನಾನೇ, ಒಳ್ಳೆ ಲಾಭಕ್ಕೆ. 'ನಮ್ಮದು' ವಿನಿಫ್ರೆಡ್‌ಳ ಮನೆಯೊಂದರಲ್ಲೇ ಉಳಿಯಿತು, ಅದೂ ವರ್ಷ ವರ್ಷ ತುಂಡು ನೆಟ್ಟು ಸಾಕಿಕೊಂಡ ಹೆಣ್ಣು ಗಿಡಗಳಾಗಿ. ಹೋದ ಚಳಿಗಾಲ ಹಿಮ ಬಿದ್ದು ಹಸಿರುಮನೆಯ ಮಾಡು ಕುಸಿದಾಗ ಅವೂ ಸತ್ತವು.

ಅವಳ ಹತ್ತಿರ ಉಳಿದದ್ದು ಸತ್ತುಹೋದ ಗಂಡ ಎಂದೋ ಡಬ್ಬಿಯಲ್ಲಿ ಹಾಕಿಟ್ಟಿದ್ದ ಹಿಡಿ ಬೀಜ. ಮಾಡನ್ನು ಮತ್ತೆ ಎತ್ತಿ ಕಟ್ಟಿ, ಆ ಬೀಜ ನೆನೆಹಾಕಿದಳು. ಹೆಚ್ಚಿನವು ಮುಗ್ಗಿದವು. ಮೊಳೆತವು ಬೆರಳೆಣಿಕೆಯಷ್ಟು. ಆ ಬೇಸಿಗೆ ಅವು ಎದೆಯುದ್ದ ಬೆಳೆದಾಗ ನೋಡಿದರೆ, ಅವುಗಳಲ್ಲಿ ಗಂಡು ಒಂದೇ ಒಂದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡಿನ ಪರಾಗ ಸೋಕಿದರೆ ಹೆಣ್ಣು ಗಿಡದ ಹೂವಿನ ತುಂಬ ಬೀಜ. ಬೀಜದ ಹೂವನ್ನು ಕೊಳ್ಳುವವರಿಲ್ಲ. ಗಾಳಿ ಒಂದು ಚಿಟಿಕೆ ಪುಡಿ ಹೊತ್ತು ತಂದರೂ ಇಡೀ ಇಳಿಜಾರಿನ ಬೆಳೆ ಕೆಟ್ಟಂತೆ. ಹಾಗಾಗಿ ಗುಡ್ಡದವರು ಗಂಡು ಕಂಡಲ್ಲಿ ಕೀಳುತ್ತಾರೆ. ಯಾರ ತೋಟವೆಂದು ಕೇಳುವುದಿಲ್ಲ, ಒಡೆಯನ ಅಪ್ಪಣೆಗೆ ಕಾಯುವುದಿಲ್ಲ. ಊರ ದನ ಹೊರಬಿದ್ದೀತೆಂದು ದಾರಿಹೋಕ ಗೇಟು ಹಾಕುವುದಿಲ್ಲವೇ, ಹಾಗೆ. ಅದು ನೆರೆಹೊರೆಯ ಸೌಜನ್ಯ.

ಅಂಥ ಊರಿನಲ್ಲಿ ಈ ಹೆಂಗಸು ಗಂಡು ಗಿಡವೊಂದನ್ನು ತೊಟ್ಟಿಯಲ್ಲಿ ನೆಟ್ಟು ಟೊಮೆಟೊ ಹಿಂದೆ ನಿಲ್ಲಿಸಿ ಸಾಕುತ್ತಿದ್ದಳು.

ನನಗೆ ತಿಳಿದದ್ದು ಆಗಸ್ಟಿನಲ್ಲಿ, ಅವಳ ಕಣ್ಣಿನ ಪೊರೆ ತೆಗೆಸಿಕೊಂಡು ದೂರದ ಆಸ್ಪತ್ರೆಯಿಂದ ಬರುವಾಗ. ಟ್ರಕ್ಕು ನನ್ನದು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು.

"ಕ್ಲೈಡ್, ನಾಳೆ ಒಂದು ತೊಟ್ಟಿ ಎತ್ತಿ ಕೊಡ್ಬೇಕು. ಬಚ್ಚಲುಮನೆಗೆ ಸಾಗಿಸ್ಬೇಕು. ಬಿರಿಯೋಕೆ ಬಂದಿದೆ."

"ಏನು ಬಿರಿಯೋದು?"

"ಗಂಡು."

ನಾನು ಬ್ರೇಕ್ ಒತ್ತಿದೆನೋ ಏನೋ, ಹಿಂದಿನವನು ಹಾರ್ನ್ ಹೊಡೆದ.

"ಬಚ್ಚಲ ಕಿಟಕಿಗೆ ಬಟ್ಟೆ ಬಿಗಿದು ಒಳಗಿಡ್ತೀನಿ. ಪುಡಿ ಹಿಡ್ಕೊಂಡು ಹೆಣ್ಣಿನ ಒಂದು ರೆಂಬೆಗೆ ಸವರೋದು. ಬೀಜ ಆದ್ರೆ ಆಯ್ತು. ಆಗ್ದೇ ಇದ್ರೆ ಮತ್ತೆ ಬರೀ ತುಂಡೇ, ಇನ್ನೊಂದು ಹಿಮ ಬಿದ್ರೆ ನಮ್ಮದು ಮುಗೀತು, ಡಬ್ಬೀಲಿ ಇನ್ನೇನೂ ಇಲ್ಲ."

"ಗಾರ್ತ್‌ಗೆ ಹೇಳಿದ್ದೀಯ?"

"ನಿಂಗೇ ಹೇಳ್ಬಾರ್ದಿತ್ತು" ಅಂದಳು.

ಗಾರ್ತ್ ಲುಂಡ್‌ಕ್ವಿಸ್ಟ್ ಅವಳ ಕೆಳಗಿನ ಇಳಿಜಾರಿನವನು. ಲೈಸೆನ್ಸ್ ಪಡೆದು ದೊಡ್ಡ ಪ್ರಮಾಣದಲ್ಲಿ ಗಾಂಜಾ ಬೆಳೆಯುತ್ತಾನೆ, ಒಳ್ಳೆ ಮನುಷ್ಯ, ಅವಳ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬೆಳೆದವನು. ಅವಳಿಲ್ಲದ ದಿನಗಳಲ್ಲಿ ಗಿಡಕ್ಕೆ ನೀರು ಹಾಕುವ ಕೆಲಸ ಅವನೇ ಒಪ್ಪಿಕೊಂಡಿದ್ದ. ಪೇಟೆಯ ನನ್ನ ಅಂಗಡಿಗೆ ಬಂದು ಇಳಿದರೆ ಕೌಂಟರಿನ ಹತ್ತಿರ ಅವನೇ ನಿಂತಿದ್ದ.

"ಬನ್ನಿ ಬನ್ನಿ, ಕಡಲುಗಳ್ಳರ ನಾಯಕಿ" ಅಂದ, ಕಣ್ಣಿನ ಪಟ್ಟಿ ನೋಡಿ. "ಗಿಡ ಎಲ್ಲ ಸುಖವಾಗಿವೆ ವಿನ್ನಿ. ಆಪರೇಷನ್ ಮಾಡಿಸ್ಕೊಂಡಿದ್ದು ಒಳ್ಳೇದಾಯ್ತು ಬಿಡಿ. ಟೊಮೆಟೊ ಹಿಂದೆ ಗಂಡೊಂದು ಆಳೆತ್ತರ ನಿಂತಿತ್ತು, ನಿಮ್ಗೆ ಕಂಡೇ ಇಲ್ಲ. ನಾನೇ ಕಿತ್ತು ಹಾಕ್ದೆ. ಉಪಕಾರ ಗಿಪಕಾರ ಅನ್ಬೇಡಿ, ಏನಿಲ್ಲ ಅದು."

ವಿನಿಫ್ರೆಡ್ ಕೈಚೀಲವನ್ನು ಕೌಂಟರಿನ ಮೇಲಿಟ್ಟಳು. ಅವಳು ಬೈಯದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಾರ್ತ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ.

"ಎಲ್ಲಿ ಹಾಕ್ದೆ?" ಅಂದಳು.

"ಗೊಬ್ಬರದ ರಾಶಿ ಮೇಲೆ. ಯಾಕೆ?"

"ನೆರಳಿನ ಕಡೆಗೋ, ಬಿಸಿಲಿನ ಕಡೆಗೋ?"

"ಯಾರಿಗೆ ನೆನಪಿರತ್ತೆ ವಿನ್ನಿ? ಕಸ ಅದು."

"ಕ್ಲೈಡ್, ಟ್ರಕ್ಕು ತಿರುಗಿಸು. ನೀನೂ ಹತ್ತು ಗಾರ್ತ್. ಹಿಂದಿನ ಸೀಟಿಲ್ಲ, ಮುಂದೇ ಕೂರು."

ದಾರಿಯಲ್ಲಿ ಆ ಗಂಡಿನ ಕಥೆಯನ್ನು ನಾನೇ ಹೇಳಿದೆ. ಕೇಳುತ್ತಾ ಕೇಳುತ್ತಾ ಗಾರ್ತ್‌ನ ಮುಖ ಮೊದಲು ಬಾಡಿತು, ಆಮೇಲೆ ಬಿಗಿಯಿತು. ಎರಡಕ್ಕೂ ಕಾರಣವಿತ್ತು. ಉಪಕಾರ ಮಾಡಲು ಹೋಗಿ ಅವಳ ಕೊನೆಯ ಗಂಡನ್ನು ಕಿತ್ತಿದ್ದ. ಆದರೆ ಆ ಗಂಡು ತನ್ನ ಬೆಳೆಯ ನೆತ್ತಿಯ ಮೇಲೆ ನಿಂತಿತ್ತೆಂಬುದೂ ಅವನಿಗೆ ಈಗಷ್ಟೇ ಗೊತ್ತಾದದ್ದು.

ಗಿಡ ರಾಶಿಯ ಮೇಲೆ ಮಲಗಿತ್ತು. ಮೇಲುಗಡೆ ಬೇಯಿಸಿದ ಸೊಪ್ಪಿನಂತಾಗಿತ್ತು. ವಿನಿಫ್ರೆಡ್ ಮಂಡಿಯೂರಿ ಅದನ್ನು ಮಗ್ಗುಲು ಹೊರಳಿಸಿದಳು. ಅಡಿಯಲ್ಲಿ, ಅವಳು ಹಿಂದಿನ ವಾರ ಸುರಿದ ತುರಿಕೆ ಸೊಪ್ಪಿನ ರೊಚ್ಚೆಗೆ ಒತ್ತಿಕೊಂಡಿದ್ದ ರೆಂಬೆಯೊಂದು ಇನ್ನೂ ಹಸಿಯಾಗಿತ್ತು. ಮೊಗ್ಗುಗಳು ಮುಚ್ಚಿಯೇ ಇದ್ದವು.

"ಬಕೆಟ್ಟು. ಕತ್ತರಿ. ಗಾರ್ತ್, ನೀನೇ ಕತ್ತರಿಸು, ನಂಗೆ ಒಂದೇ ಕಣ್ಣು. ನೀರೊಳಗೆ ಹಿಡಿದು ಕತ್ತರಿಸ್ಬೇಕು. ಹೊರಗೆ ಕತ್ತರಿಸಿದ್ರೆ ನೀರಿನ ಬದಲು ಗಾಳಿ ಕುಡಿಯತ್ತೆ."

ಅವನು ಕತ್ತರಿಸಿದ. ಉಪ್ಪಿನಕಾಯಿ ಬಾಟಲಿಗೆ ನೀರು ಹಾಕಿ ಅದರಲ್ಲಿಟ್ಟ. ಆಮೇಲೆ ಬಾಟಲಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಇದು ಬದುಕಿದ್ರೆ ಬಿರಿಯತ್ತೆ."

"ಬಿರಿಯಲಿ ಅಂತಾನೇ."

"ಕೆಳಗೆ ನಂದು ಎಲ್ಲಾ ಹೂಬಿಟ್ಟಿದೆ ವಿನ್ನಿ. ವರ್ಷದ ಅನ್ನ ಅದು. ನಂಗೆ ಹೇಳ್ಬೇಕಿತ್ತು ನೀವು."

"ಹೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ."

"ನೀವು ಹೇಳ್ದೇ ಇದ್ದಿದ್ದಕ್ಕೇ ನಾನು ಕಿತ್ತಿದ್ದು."

ಹೆಲಿಕಾಪ್ಟರಿನ ಕಾಲದಲ್ಲಿ ಬಾಯಿ ಮುಚ್ಚಿಕೊಂಡು ಬದುಕಿದವರು, ಕಾಯಿದೆ ಬಂದ ಮೇಲೂ ಬಾಯಿ ತೆಗೆಯುವುದು ಕಲಿಯಲಿಲ್ಲ. ಬಾಟಲಿ ಅವನ ಕೈಯಲ್ಲಿತ್ತು. ಕೈ ಸಡಿಲಿಸಿದ್ದರೆ ಗುಡ್ಡದ ಒಬ್ಬನೂ ಅವನದು ತಪ್ಪೆನ್ನುತ್ತಿರಲಿಲ್ಲ. ವಿನಿಫ್ರೆಡ್ ಬೇಡಲೂ ಇಲ್ಲ, ಕೈ ಚಾಚಲೂ ಇಲ್ಲ. ಸೊಂಟ ಹಿಡಿದುಕೊಂಡು ಎದ್ದಳು, ಅಷ್ಟೇ.

ಗಾರ್ತ್ ದಂಟನ್ನು ಹೆಬ್ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ.

"ನಮ್ಮಪ್ಪನ ಕೋಟಿನ ವಾಸನೆ" ಅಂದ.

"ಎಲ್ರ ಅಪ್ಪಂದಿರ ಕೋಟೂ ಹಾಗೇ ನಾರ್ತಿತ್ತು. ಬಸ್ಸಿಗೆ ನೀವೂ ಅದನ್ನೇ ಮೆತ್ಕೊಂಡು ಹತ್ತೋರು."

ಅವನು ಕೆಳಗಿನ ತನ್ನ ಹಸಿರುಮನೆಗಳ ಮಾಡುಗಳನ್ನು ನೋಡಿದ. "ಇಲ್ಲಿ ಬೇಡ. ಈ ಗುಡ್ಡದ ಮೇಲೆ ಎಲ್ಲೂ ಬೇಡ. ಪೇಟೆಗೆ ತಗೊಂಡ್ಹೋಗಿ" ಅಂದ. ಇಬ್ಬರೂ ನನ್ನ ಕಡೆ ತಿರುಗಿದರು.

ವ್ಯಾಪಾರಿಯಾದವನು ಕೇಳಲೇಬೇಕಾದದ್ದನ್ನು ಕೇಳಿದೆ: "ಬಾಡಿಗೆ?"

"ಇಷ್ಟು ವರ್ಷ ನಿನ್ನ ಕಲಗಚ್ಚಿನಂಥ ಕಾಫಿ ಕುಡ್ದಿದ್ದೀನಲ್ಲ ಮುದುಕಪ್ಪ" ಅಂದಳು, "ಅದಕ್ಕೆ ಪರಿಹಾರ ಅಂತ ತಿಳ್ಕೋ."

ಹೀಗೆ, ಗುಡ್ಡದ ಬೆಳೆಗಾರರೆಲ್ಲ ದಿನಾ ಬಂದುಹೋಗುವ ಅಂಗಡಿಯಲ್ಲಿ, ಅವರು ಕಂಡಲ್ಲಿ ಕೀಳುವ ಗಂಡು ಬಾಟಲಿಯೊಳಗೆ ನಿಂತಿತು. ಹಿಂದಿನ ಕಕ್ಕಸಿನಲ್ಲಿ ಇಟ್ಟು, ಕಿಟಕಿಗೆ ಟೇಪು ಸುತ್ತಿ, ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು ತಗುಲಿಸಿದೆ. ಉದುರುವ ಪುಡಿ ಹಿಡಿಯಲು ಬಾಟಲಿಯ ಅಡಿಗೆ ಕನ್ನಡಿ ಮಲಗಿಸಿದ್ದು ವಿನಿಫ್ರೆಡ್‌ಳ ಏರ್ಪಾಡು. "ಗೊಬ್ಬರ ಮಾರೋನ ಅಂಗಡೀಲಿ ಕಕ್ಕಸಿಲ್ಲ ಅಂದ್ರೆ ನಂಬಬೇಕಾ?" ಎಂದು ಜನ ಬೈದರು. ನಾನು ರಿಪೇರಿಯವನನ್ನು ಬೈದೆ; ಅವನು ಇಲ್ಲವೇ ಇಲ್ಲವಾದ್ದರಿಂದ ಬೇಸರಪಟ್ಟುಕೊಳ್ಳಲಿಲ್ಲ.

ಮೊದಮೊದಲು ರೆಂಬೆ ಜೋತಾಡಿತು. ಎಲೆಯೆಲ್ಲ ಉದುರಿತು. ವಿನಿಫ್ರೆಡ್ ದಿನಾ ಬಂದು ನೀರು ಬದಲಿಸಿ, ಕಾಫಿ ಕೇಳದೆ ಹೋಗುತ್ತಿದ್ದಳು; ಎಷ್ಟು ಕಂಗೆಟ್ಟಿದ್ದಳೆಂದು ನನಗೆ ಅದರಿಂದಲೇ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಬೋಳು ದಂಟಿನ ತುದಿಯಲ್ಲಿ ಕೆಲವು ಮೊಗ್ಗುಗಳು ಬಾಯಿ ಬಿಟ್ಟು ನೇತಾಡುತ್ತಿದ್ದವು. ಕನ್ನಡಿಯ ಮೇಲೆ ಅರಿಸಿನದ ಹುಡಿಯಂಥದ್ದು, ಉಗುರಿನ ತುದಿಗೆ ಸಾಕಾಗುವಷ್ಟು.

ವಿನಿಫ್ರೆಡ್ ಬಂದು ಇಸ್ಪೀಟು ಎಲೆಯಿಂದ ಅದನ್ನು ಬಳಿದು ಪುಟ್ಟ ಸೀಸೆಗೆ ತುಂಬಿದಳು. ಉಳಿದದ್ದರ ಮೇಲೆಲ್ಲ ನೀರೆರಚಿದಳು. ನೀರು ಬಿದ್ದರೆ ಪರಾಗ ಸತ್ತಂತೆ. ಗುಡ್ಡ ಹತ್ತುವ ಮುಂಚೆ ಗಾರ್ತ್ ಅವಳಿಗೂ ನನಗೂ ಬೇರೆ ಬಟ್ಟೆ ಹಾಕಿಸಿದ, ತಲೆ ತೊಳೆಸಿದ, ಟ್ರಕ್ಕಿನ ಸೀಟನ್ನೂ ಒರೆಸಿದ. ಹಸಿರುಮನೆಯ ಗಾಜುಗಳನ್ನೆಲ್ಲ ತಾನೇ ಏರಿಸಿ, ಒಂದು ಗಿಡದ ತಗ್ಗಿನ ರೆಂಬೆಯನ್ನು ಎರಡು ಬೆರಳಲ್ಲಿ ಹಿಡಿದುಕೊಟ್ಟ. ವಿನಿಫ್ರೆಡ್ ಹೊಸ ಕಣ್ಣನ್ನು ಹತ್ತಿರ ತಂದು, ಸಣ್ಣ ಬ್ರಷ್ಷಿನಿಂದ ಹೂವಿನ ಬಿಳಿ ಎಳೆಗಳಿಗೆ ಸವರಿದಳು.

"ಉಸಿರು ಬಿಡೋ ಗಾರ್ತ್."

"ಹಾರಿ ಹೋದ್ರೆ?"

"ನೀನು ಸತ್ತುಬಿದ್ರೆ ಇನ್ನೂ ಜಾಸ್ತಿ ಹಾರತ್ತೆ."

ರೆಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿದರು. ಆಮೇಲೆ ಗಾರ್ತ್ ದಿನಾ ಭೂತಕನ್ನಡಿ ಹಿಡಿದು ತನ್ನ ಹೂಗಳಲ್ಲಿ ಬೀಜ ಹುಡುಕಿದ. ಒಂದೂ ಸಿಗಲಿಲ್ಲ. ಅವಳ ಉಳಿದ ರೆಂಬೆಗಳಲ್ಲೂ ಇರಲಿಲ್ಲ. ಅಕ್ಟೋಬರಿನಲ್ಲಿ ಚೀಲ ಬಿಚ್ಚಿದಾಗ ಆ ಒಂದು ರೆಂಬೆಯಲ್ಲಿತ್ತು: ಕಂದು, ಹುಲಿಪಟ್ಟೆಯ ಬೀಜ. ಎರಡು ಉಗುರಿನ ನಡುವೆ ಒತ್ತಿ ನೋಡಿದಳು. ಬಿರಿಯಲಿಲ್ಲ. ಇನ್ನೊಂದನ್ನು ಒತ್ತಿದಳು. ಅದೂ ಗಟ್ಟಿ. ಆಮೇಲೆ ಆ ಹೆಂಗಸು ಮಗುಚಿದ ಬಕೆಟ್ಟಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಡಬ್ಬಿಗೆ ಹಾಕಿ ಬೀರುವಿನಲ್ಲಿಡುತ್ತಾಳೆಂದುಕೊಂಡಿದ್ದೆ. "ಒಂದೇ ಮನೇಲಿ ಇಟ್ಟಿದ್ದೇ ತಪ್ಪಾಗಿದ್ದು" ಅಂದಳು. ಕಾಗದದ ಮಡಿಕೆಗಳಲ್ಲಿ ಸುತ್ತಿ, ಗಾರ್ತ್‌ನ ಗಾಡಿ ಹತ್ತಿ ಮನೆ ಮನೆಗೆ ಹೊರಟಳು. ಬೀಜದ ಪೊಟ್ಟಣ ಮಾರುವವನ ಕಣ್ಣೆದುರೇ ಪುಕ್ಕಟೆ ಬೀಜ ಹಂಚುವುದನ್ನು ನೋಡಲು ನಾನೂ ಜೊತೆಗೆ ಹೋದೆ. ಪ್ರತಿ ಬಾಗಿಲಲ್ಲೂ ಅವಳು ಬೀಜ ಕೊಟ್ಟರೆ, ಮಾತು ಗಾರ್ತ್ ಹೇಳುತ್ತಿದ್ದ: ಗಂಡು ಬಂದರೆ ಕೀಳುವ ಮುಂಚೆ ಫೋನ್ ಮಾಡಿ, ಎಲ್ಲಿ ಇಡುವುದು, ಯಾವಾಗ ಪೇಟೆಗೆ ಒಯ್ಯುವುದು ಎಲ್ಲರೂ ಕೂಡಿ ನೋಡೋಣ.

ಗುಡ್ಡದ ತುದಿಯ ಮನೆಯಲ್ಲಿ ಆಡು ಸಾಕುವ ಮುದುಕ ಎಲಿಯಾಸ್ ಮಡಿಕೆಯನ್ನು ಅನುಮಾನದಿಂದ ಹಿಡಿದುಕೊಂಡ.

"ನಮ್ಮಲ್ಲಿ ಫೋನ್ ಸಿಗ್ನಲ್ ಬರಲ್ಲ" ಅಂದ.

"ಹಾಗಾದ್ರೆ ಕೀಳ್ಬೇಡ" ಅಂದಳು ವಿನಿಫ್ರೆಡ್.